ಸ್ವಲ್ಪ ಅಡ್ಜಸ್ಟ್ ಎಂದವಳ ಜಾಗ

ನಡುಬೇಸಿಗೆ ತಿಂಗಳ ನಲವತ್ತೊಂದನೇ ದಿನ, ಕ್ರಿ.ಶ. 2231
ಒಳಗೇರಿ, ಕೋಲಾರದ ಹಳೆಯ ಚಿನ್ನದ ಗಣಿ

ಇಪ್ಪತ್ತೊಂದನೇ ಶತಮಾನದ ಹಿರಿಯರಿಗೆ ಒಳಗೇರಿಯ ಸುಗುಣಳ ನಮಸ್ಕಾರ.

ತಾರೀಕು ನೋಡಿ ನಗಬೇಡಿ. ಬೇಸಿಗೆ ಹಿಗ್ಗುತ್ತಾ ಹೋದಂತೆ ತಿಂಗಳನ್ನೂ ಹಿಗ್ಗಿಸಬೇಕಾಯಿತು. ನನ್ನ ಕನ್ನಡದಲ್ಲಿ ನಿಮಗೆ ಗುರುತಿಲ್ಲದ ಮಾತು ಬಂದರೆ ಮನ್ನಿಸಿ. ಆದರೆ ನಾನು ಬರೆಯಹೊರಟಿರುವುದು ನಿಮಗೆ ಚೆನ್ನಾಗಿ ಗುರುತಿರುವ, ನೀವೇ ನಮ್ಮ ಬಾಯಿಗೆ ಹಾಕಿ ಹೋದ ಒಂದು ಇಂಗ್ಲಿಷ್ ಪದದ ವಿಚಾರ. ಅಡ್ಜಸ್ಟ್.

ನಾವು ನೆಲದ ಕೆಳಗೆ ಬದುಕುತ್ತೇವೆ. ಹಗಲು ಹೊತ್ತು ಮೇಲೆ ಕಾಲಿಡುವಂತಿಲ್ಲ, ಚರ್ಮ ಸುಲಿದು ಬರುತ್ತದೆ. ಗಣಿಯ ಸುರಂಗಗಳಲ್ಲೇ ಮನೆ, ಶಾಲೆ, ಚಾವಡಿ. ಮುದ್ದೆ ಇನ್ನೂ ಇದೆ, ಗಾಬರಿಯಾಗಬೇಡಿ. ಸೊಪ್ಪು ಸಿಗದ್ದಕ್ಕೆ ಪಾಚಿಯ ಸಾರು ಮಾಡುತ್ತೇವೆ, ಒಗ್ಗರಣೆ ಬಿದ್ದರೆ ಅದೂ ಗಂಟಲಲ್ಲಿ ಇಳಿಯುತ್ತದೆ. ಇಲ್ಲಿ ದುರ್ಲಭ ಎಂದರೆ ಬೆಳಕು. ಬಂಡೆ ಕೊರೆದು, ಮಸುಕು ಗಾಜು ಕೂರಿಸಿ, ಬಿಸಿಲನ್ನು ಹದ ಮಾಡಿ ಕೆಳಗಿಳಿಸುವ ತೂತಿಗೆ ಬೆಳ್ಗಂಡಿ ಎನ್ನುತ್ತೇವೆ. ಒಂದು ಕಂಡಿಯಿಂದ ಬೀಳುವ ಬೆಳಕು ಒಂದು ಚಾಪೆಯಷ್ಟು ಅಗಲ, ಅದೂ ಗಳಿಗೆ ಹೊತ್ತು. ಒಂದು ಸಂಸಾರಕ್ಕೆ ಸಾಕಾದರೆ ಹೆಚ್ಚು. ಅದು ಮೈಮೇಲೆ ಬೀಳದ ಮಕ್ಕಳ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಕಂಡಿಗಳು ಕಡಿಮೆ, ಕರಾವಳಿ ಮುಳುಗಿದ ಮೇಲೆ ಬರುವ ಜನ ಜಾಸ್ತಿ. ಯಾರು ಯಾವ ಕಂಡಿಯ ಕೆಳಗಿರಬೇಕೆಂದು ಗೊತ್ತುಮಾಡುವವಳನ್ನು ಜಾಗಗಾರ್ತಿ ಎಂದು ಕರೆಯುತ್ತಾರೆ. ಆ ಜಾಗಗಾರ್ತಿ ನಾನೇ.

ನನ್ನ ಕೆಲಸಕ್ಕೆ ಬೇಕಾಗಿರುವುದು ಒಂದೇ ಮಾತು. ಬಾಗಿಲಲ್ಲಿ ನಿಂತು, ಮುಖದಲ್ಲಿ ಒಂದು ನಗೆ ತಂದುಕೊಂಡು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಎನ್ನುತ್ತೇನೆ. ಇಲ್ಲ ಎಂದವರನ್ನು ನಾನು ಕಂಡಿಲ್ಲ. ಹೇಗೆ ಎಂದಾರು ಹೇಳಿ? ಕೇಳಿದ್ದೇ ಸ್ವಲ್ಪ. ಅಷ್ಟಕ್ಕೂ ಆಗುವುದಿಲ್ಲ ಎಂದವರು ಸಣ್ಣವರಾಗಿಬಿಡುತ್ತಾರೆ.

ನೀವು ಇದನ್ನು ಒಳ್ಳೆಯ ಮನಸ್ಸಿನಿಂದಲೇ ಶುರುಮಾಡಿದಿರಿ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದಾಗ ಎಲ್ಲರೂ ಒಂದಿಷ್ಟು ಜರುಗಿ ಕೂರುತ್ತಿದ್ದಿರಂತೆ. ಅದು ಜರುಗುವುದು. ಊರು ಬಂದೊಡನೆ ಇಳಿದುಹೋಗುವ ಕಷ್ಟ. ಅತ್ತೆ ಸೊಸೆ ಹೊಂದಿಕೊಂಡು ಹೋಗುವುದು ಬೇರೆ, ಅದಕ್ಕೆ ಇಬ್ಬರೂ ಬಗ್ಗಬೇಕು. ಸೆಕೆಗೆ ಮೈ ಒಗ್ಗುವುದು ಇನ್ನೂ ಬೇರೆ, ಅದನ್ನು ಯಾರೂ ಯಾರಿಗೂ ಹೇಳಿ ಮಾಡಿಸಲಾಗದು. ತಾಳಿಕೋ ಎಂದರೆ ನೋವಿದೆ ಎಂದು ಹೇಳಿದವರೂ ಒಪ್ಪಿಕೊಂಡಂತೆ. ಬಿಟ್ಟುಕೊಡು ಎಂದರೆ ಆ ವಸ್ತು ನಿನ್ನದು, ಕೊಡದೆಯೂ ಇರಬಹುದು ಎಂದಂತೆ. ಇವೆಲ್ಲವನ್ನೂ ಅಡ್ಜಸ್ಟ್ ಒಂದೇ ನುಂಗಿ ನೀರು ಕುಡಿಯಿತು. ಇಂಗ್ಲಿಷಿನವರು ಅದನ್ನು ಹೆಚ್ಚಾಗಿ ಕನ್ನಡಿಗೆ, ಗಡಿಯಾರಕ್ಕೆ, ಯಂತ್ರದ ತಿರುಪಿಗೆ ಬಳಸುತ್ತಿದ್ದರಂತೆ. ನಾವು ಮನುಷ್ಯರನ್ನೇ ತಿರುಪಿದೆವು.

ನಮ್ಮ ಸಾಲಿನಲ್ಲಿ ಮುನಿರತ್ನಮ್ಮ ಎಂಬ ಹೆಂಗಸಿದ್ದಾರೆ. ನನಗೆ ಸಂಬಂಧವಲ್ಲ, ಆದರೂ ಅತ್ತೆ ಎನ್ನುತ್ತೇನೆ. ಅವರೂ ಮೊಮ್ಮಗಳು ಹೊನ್ನಿಯೂ ಮೊದಲು ದೊಡ್ಡ ಕಂಡಿಯ ಕೆಳಗಿದ್ದರು. ಕಾರವಾರದ ಸಂಸಾರ ಬಂದಾಗ ನಾನು ಹೋಗಿ ನನ್ನ ಮಾತು ಹೇಳಿದೆ, ಅವರು ಚಾಪೆ ಸುತ್ತಿಕೊಂಡು ಸಣ್ಣ ಕಂಡಿಗೆ ನಡೆದರು. ಯಾರು ಗೊಣಗದೆ ಏಳುತ್ತಾರೋ ಅವರ ಬಾಗಿಲಿಗೇ ಕಾಲು ತಾನಾಗಿ ಹೋಗುತ್ತದೆ, ಇದು ನಾಚಿಕೆಗೇಡಿನ ಸತ್ಯ. ನಿನ್ನೆ ಹೊನ್ನಾವರದಿಂದ ಇನ್ನೊಂದು ಸಂಸಾರ ಬಂತು, ಎದೆಹಾಲು ಬಿಡದ ಕೂಸಿನೊಂದಿಗೆ. ಸಣ್ಣ ಕಂಡಿಯನ್ನು ಅವರಿಗೆ ಕೊಡಬೇಕೆಂದು ನನ್ನ ಮಾತಿನ ಮೇಲೆ ಚಾವಡಿ ತೀರ್ಮಾನಿಸಿತು. ಅತ್ತೆಯ ಪಾಲಿಗೆ ಉಳಿದದ್ದು ಕೆಳಗಿನ ಅಂತಸ್ತು. ಅಲ್ಲಿ ಕಂಡಿಯೇ ಇಲ್ಲ. ಹೊನ್ನಿಯ ಕಾಲು ಆಗಲೇ ಬಾಗತೊಡಗಿದೆ.

ಇಂದು ಬೆಳಿಗ್ಗೆ ಹೊರಟಾಗ, ಆ ಪದ ಮಾತ್ರ ಆಡಬಾರದು ಎಂದುಕೊಂಡೆ. ದಾರಿಯುದ್ದಕ್ಕೂ ಬೇರೆ ಮಾತು ಹುಡುಕಿದೆ. ಜರುಗಿ ಎನ್ನೋಣವೆಂದರೆ ಜರುಗಲು ಜಾಗವಿಲ್ಲ. ತಾಳಿಕೊಳ್ಳಿ ಎನ್ನೋಣವೆಂದರೆ ಎಷ್ಟು ದಿನ ಎಂದು ಕೇಳಿದರೆ ಉತ್ತರವಿಲ್ಲ. ನಿಮ್ಮ ಮೊಮ್ಮಗಳ ಕಾಲನ್ನು ಬಿಟ್ಟುಕೊಡಿ ಎನ್ನುವುದೇ ಸರಿಯಾದ ಮಾತು, ಅದನ್ನು ಯಾವ ಬಾಯಲ್ಲಿ ಆಡಲಿ? ಬಾಗಿಲು ಮುಟ್ಟುವಷ್ಟರಲ್ಲಿ ಅತ್ತೆ ಗಂಟುಮೂಟೆ ಕಟ್ಟಿಟ್ಟುಕೊಂಡು ಕೂತಿದ್ದರು. "ಬಿಡಮ್ಮಾ, ನೀನೇನೂ ಹೇಳ್ಬೇಡ. ನಾವೇ ಅಡ್ಜಸ್ಟ್ ಮಾಡ್ಕೊಂಡಿದೀವಿ," ಎಂದರು. ನನ್ನ ಎದೆಯ ಮೇಲಿನ ಭಾರ ಇಳಿಯಿತು. ಹೌದು, ಇಳಿಯಿತು. ಆ ನೆಮ್ಮದಿಯೇ ಬೆಳಗಿನಿಂದ ನನ್ನನ್ನು ಕೊಲ್ಲುತ್ತಿದೆ.

ಯಾಕೆಂದರೆ ಜಾಗಗಾರ್ತಿಯ ಮನೆಗೂ ಒಂದು ಕಂಡಿಯಿದೆ. ಇಷ್ಟು ವರ್ಷದಲ್ಲಿ ಅದರ ಕೆಳಗಿನಿಂದ ನಾನೂ ಎದ್ದಿಲ್ಲ, ನನ್ನ ಮಗಳು ಇಂಚರಳೂ ಎದ್ದಿಲ್ಲ. ಈ ಪದ ಆಡುವವರು ಜರುಗಿದ್ದನ್ನು ನಾನು ನೋಡಿಲ್ಲ. ನಿಮ್ಮ ಕಾಲದಲ್ಲಿ ನೋಡಿದ್ದಿರಾ?

ನಿಮ್ಮಲ್ಲಿ ಒಂದೇ ಬೇಡಿಕೆ. ಇನ್ನೊಬ್ಬರಿಂದ ಏನಾದರೂ ಬೇಕಾದಾಗ ಅದರ ಹೆಸರು ಹಿಡಿದು ಕೇಳಿ. ಜಾಗ ಬೇಕಾದರೆ ಜಾಗ, ನಿದ್ದೆ ಬೇಕಾದರೆ ನಿದ್ದೆ, ಮಗುವಿನ ಬಿಸಿಲು ಬೇಕಾದರೆ ಬಿಸಿಲು. ಕೇಳಲು ನಾಲಿಗೆ ಹೊರಳದಿದ್ದರೆ ಕೇಳಲೇಬೇಡಿ. ನೀವು ಹಾಗೆ ರೂಢಿ ಮಾಡಿಕೊಂಡರೆ ನಮ್ಮವರೆಗೂ ಆ ರೂಢಿ ಬಂದೀತು.

ಅತ್ತೆಯ ಗಂಟುಮೂಟೆ ಇನ್ನೂ ಅವರ ಬಾಗಿಲಲ್ಲೇ ಇದೆ, ಅದನ್ನು ಕೆಳಗಿನ ಅಂತಸ್ತಿಗೆ ಹೊತ್ತೊಯ್ಯುವವರು ಸಂಜೆಗೆ ಬರುತ್ತಾರೆ. ಅಷ್ಟರೊಳಗೆ ಇಂಚರಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಮ್ಮ ಕಂಡಿಯನ್ನು ಹೊನ್ನಿಗೆ ಬಿಟ್ಟುಕೊಡೋಣವೇ ಎಂದು ಕೇಳುತ್ತೇನೆ. ಇದೇ ಮಾತಿನಲ್ಲಿ ಕೇಳುತ್ತೇನೆ. ಹೀಗೆ ಕೇಳಿದರೆ ಅವಳು ಬೇಡ ಎನ್ನಬಹುದು. ಬೇಡ ಎಂದುಬಿಡಲಿ ಎಂದು ನನ್ನ ಮನಸ್ಸು ಈಗಲೇ ಆಸೆಪಡುತ್ತಿದೆ.

ಸುಗುಣ