ಏಳು ಮಂದಿ, ಒಂದೇ ಮೂಗು

ಇಸ್ಫಹಾನ್,
೧೫೪೧ನೇ ಸೌರ ವರ್ಷದ ಮೆಹ್ರ್ ತಿಂಗಳು. ಹೊರದೇಶದವರ ಲೆಕ್ಕದಲ್ಲಿ ೨೧೬೨.

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಶಸ್ತ್ರಚಿಕಿತ್ಸೆಯಲ್ಲಿ ತಿದ್ದಿಸಿಕೊಂಡ ಮೂಗಿನ ಮೇಲೆ ಬಿಳಿ ಪಟ್ಟಿ ಅಂಟಿಸಿಕೊಂಡು ಇದೇ ಊರಿನ ಬೀದಿಯಲ್ಲಿ ನಡೆಯುತ್ತಿರುವ ಹುಡುಗಿಗೆ,

ನೀವು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕಾಲದಲ್ಲಿ ಹಿರಿಯರು. ಹಾಗಾಗಿ ಬಹುವಚನದಲ್ಲೇ ಬರೆಯುತ್ತೇನೆ. ಈ ಪತ್ರದ ಕೆಲವು ಪದಗಳು ನಿಮ್ಮ ಕಾಲದಲ್ಲಿ ಇನ್ನೂ ಹುಟ್ಟಿಲ್ಲ, ಅರ್ಥವಾಗದಿದ್ದರೆ ಮನ್ನಿಸಬೇಕು. ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ.

ನನ್ನ ಹೆಸರು ತಾಬಾನ್. ಬಟ್ಟೆಗೆ ಬಣ್ಣ ಹಾಕುವುದು ನನ್ನ ಕೆಲಸ. ನಮ್ಮಲ್ಲಿ ಕ್ಷೌರದಂಗಡಿಗಳಷ್ಟೇ ಸಾಮಾನ್ಯವಾಗಿ ಮುಖಮನೆಗಳಿವೆ. ಹದಿನಾರು ತುಂಬಿದ ಹುಡುಗಿ ಬೆಳಿಗ್ಗೆ ಒಳಗೆ ಹೋದರೆ ಸಂಜೆ ಅಚ್ಚು ಪಡೆದು ಹೊರಗೆ ಬರುತ್ತಾಳೆ. ಅಚ್ಚು ಎಂದರೆ ಸಣ್ಣಗೆ ಇಳಿದು ತುದಿಯಲ್ಲಿ ತುಸು ಮೇಲೆದ್ದ ಮೂಗು, ಅದಕ್ಕೆ ಹೊಂದುವ ಗಲ್ಲ, ತಿಳಿಬಣ್ಣದ ಕಣ್ಣು. ನಿಮ್ಮ ಕಾಲದ ಪಶ್ಚಿಮದ ಸಿನಿಮಾಗಳಿಂದ, ನೀವು ಕೈಯಲ್ಲಿ ಹಿಡಿದು ನೋಡುತ್ತಿದ್ದ ಫೋನುಗಳಿಂದ ಆ ಮುಖ ಬಂತು ಎಂದು ಹೇಳುತ್ತಾರೆ. ಆ ದೇಶಗಳವರೇ ಅದನ್ನು ಕೈಬಿಟ್ಟು ಬಹಳ ಕಾಲವಾಯಿತು. ಹೋದ ವರ್ಷ ಅಲ್ಲಿಂದ ಬಂದ ಪ್ರವಾಸಿಯೊಬ್ಬಳು ನಮ್ಮ ಬಣ್ಣದಂಗಡಿಯಲ್ಲಿ ನಿಂತು, ನೀವೆಲ್ಲ ಅಕ್ಕತಂಗಿಯರೇ ಎಂದು ಸಹಜವಾಗಿ ಕೇಳಿದಳು. ನಾವೆಲ್ಲ ತಲೆತಗ್ಗಿಸಿ ಬಟ್ಟೆ ಹಿಂಡಿದೆವು.

ನನ್ನ ಅಮ್ಮ ಮೊನೀರ್‌ಗೆ ಎಂಬತ್ತು ದಾಟಿದೆ. ಎರಡು ವರ್ಷದಿಂದ ಮರೆವು ಹಿಡಿದಿದೆ. ಮೊದಲು ನಿನ್ನೆ ಮೊನ್ನೆಯದು ಹೋಯಿತು, ಆಮೇಲೆ ಮದುವೆ, ಮಕ್ಕಳು ಎಲ್ಲ ಹೋದವು. ಕೊನೆಗೆ ಅಚ್ಚು ಹಾಕಿಸಿಕೊಳ್ಳುವುದಕ್ಕೂ ಮುಂಚಿನ ಹುಡುಗಿ ಮಾತ್ರ ಒಳಗೆ ಉಳಿದಳು. ಒಂದು ದಿನ ಕನ್ನಡಿಯ ಮುಂದೆ ನಿಂತವಳು ಹೆದರಿ ಹಿಂದೆ ಸರಿದಳು. ನಮ್ಮ ಮನೆಯಲ್ಲಿ ಯಾರೋ ಫರಂಗಿ ಹೆಂಗಸು ಇದ್ದಾಳೆ, ಅವಳು ಹೋಗುವ ತನಕ ಊಟ ಮಾಡುವುದಿಲ್ಲ ಎಂದು ಹಟ ಹಿಡಿದಳು. ನಾನು ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸಿದೆ. ಆದರೆ ನನ್ನ ಮುಖಕ್ಕೆ ಏನು ಹೊದಿಸಲಿ? ಆ ಫರಂಗಿ ಹೆಂಗಸು ಬಟ್ಟಲು ಹಿಡಿದು ದಿನವೂ ಅವಳೆದುರು ಬರುತ್ತಿದ್ದಳು.

ವಸಂತದ ಒಂದು ಮಧ್ಯಾಹ್ನ, ನಾನು ಕೆಲಸಕ್ಕೆ ಹೋಗಿದ್ದಾಗ, ಅಮ್ಮ ಹೆಸರಿನ ಕೈಪಟ್ಟಿ ಬಿಚ್ಚಿಟ್ಟು ಮನೆಬಿಟ್ಟು ಹೋದಳು. ಬೀದಿಯ ಕಾವಲು ಕ್ಯಾಮೆರಾಗಳು ಹೆಂಗಸರನ್ನು ಮುಖ ನೋಡಿ ಗುರುತಿಸುವುದನ್ನು ಎಂದೋ ಬಿಟ್ಟಿವೆ. ಕಾಣೆಯಾಗಿದ್ದಾಳೆಂದು ದೂರು ಕೊಟ್ಟೆ, ಮರುದಿನ ನೆರಳುಮನೆಯಿಂದ ಕರೆ ಬಂತು. ದಾರಿ ತಪ್ಪಿದ ಮುದುಕರನ್ನು ಕರೆತಂದು ಮೀಯಿಸಿ, ಬೂದುಬಣ್ಣದ ಅಂಗಿ ತೊಡಿಸಿ ಕೂರಿಸುವ ಜಾಗ ಅದು. ಬೆಂಚಿನ ಮೇಲೆ ಏಳು ಮಂದಿ ಮುದುಕಿಯರು ಕೂತಿದ್ದರು. ಏಳೂ ಜನಕ್ಕೆ ಒಂದೇ ಮೂಗು. ಸುತ್ತಲಿನ ಚರ್ಮ ಸುಕ್ಕುಗಟ್ಟಿ ಜೋತಿತ್ತು, ಮೂಗು ಮಾತ್ರ ಹದಿನಾರರದ್ದೇ.

ಅಲ್ಲಿನ ದಾದಿ ಮೆಲ್ಲನೆ, "ಇವರಲ್ಲಿ ನಿಮ್ಮ ತಾಯಿ ಯಾರು, ಖಾನುಮ್?" ಎಂದು ಕೇಳಿದಳು.

ಒಂದೊಂದೇ ಮುಖ ನೋಡಿದೆ, ಗುರುತು ಸಿಗಲಿಲ್ಲ. ಪಕ್ಕದಲ್ಲಿ ಜಹಾನ್‌ಬಖ್ಶ್ ಎಂಬ ಮುದುಕರು ಟೋಪಿ ಕೈಯಲ್ಲಿ ಹಿಡಿದು, ಹೆಂಡತಿಯನ್ನು ಹುಡುಕುತ್ತ ಬೆಂಚಿನ ಆ ತುದಿಯಿಂದ ಈ ತುದಿಗೆ ನೋಡುತ್ತಿದ್ದರು. ಅವರಿಗೂ ತಿಳಿಯಲಿಲ್ಲ. ಅಮ್ಮಾ ಎಂದು ಕರೆದೆ, ಮೂವರು ತಲೆಯೆತ್ತಿದರು. ಒಬ್ಬಾಕೆ ಕೈಚಾಚಿದಳು. ಹೋಗಿ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವಳೂ ನನ್ನ ಕೂದಲು ಸವರಿದಳು.

ಸಂಕೋಚಪಡಬೇಡಿ, ಎಲ್ಲರೂ ಎಂಜಲನ್ನು ಊರಿನ ದಾಖಲೆಗೆ ತಾಳೆ ಹಾಕುವ ಪರೀಕ್ಷೆಗೇ ಕಾಯುತ್ತಾರೆ ಎಂದಳು ದಾದಿ. ಸಂಜೆಯ ಹೊತ್ತಿಗೆ ಫಲಿತಾಂಶ ಬಂತು. ನಾನು ಅಪ್ಪಿಕೊಂಡಿದ್ದು ಜಹಾನ್‌ಬಖ್ಶರ ಹೆಂಡತಿಯನ್ನು. ನನ್ನ ಅಮ್ಮ ಗೋಡೆಯ ಬದಿಗೆ ಕೂತು ಅಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿದ್ದಳು. ಹತ್ತಿರ ಹೋದಾಗ ಅವಳು ಪರವೂರಿನವರನ್ನು ಮಾತಾಡಿಸುವ ಮರ್ಯಾದೆಯಲ್ಲಿ ಕೇಳಿದಳು:

"ತೊಂದರೆ ಕೊಡ್ತಿದೀನಿ, ಖಾನುಮ್. ನಮ್ಮಮ್ಮನ್ನ ಎಲ್ಲಾದರೂ ನೋಡಿದಿರಾ? ಉದ್ದ ಮೂಗು, ನಡುವೆ ಗಂಟು. ಬಜಾರು ತುಂಬ ಜನ ಇದ್ದರೂ ಗೊತ್ತಾಗಿಬಿಡ್ತಾಳೆ."

ಜಹಾನ್‌ಬಖ್ಶರು ಟೋಪಿ ಹಾಕಿಕೊಳ್ಳುವುದನ್ನೂ ಮರೆತು, ಹೆಂಡತಿಯ ಕೈಹಿಡಿದು ನೆಲ ನೋಡುತ್ತ ಹೊರಟುಹೋದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮನೆಗೆ ಬಂದಾಗ ಬಾಗಿಲು ತೆಗೆದವಳು ನನ್ನ ಮಗಳು ಲಾದನ್. ಅವಳಿಗೆ ಆ ತಿಂಗಳೇ ಹದಿನಾರು ತುಂಬಿತ್ತು, ಮುಖಮನೆಯಲ್ಲಿ ಗುರುವಾರದ ಸರದಿ ಸಿಕ್ಕಿತ್ತು. ಅದುವರೆಗೂ ಅವಳತ್ತ ಕಣ್ಣೆತ್ತಿಯೂ ನೋಡದ ಅಮ್ಮ ಹೊಸ್ತಿಲಲ್ಲೇ ನಿಂತಳು. ಲಾದನಳ ಮೂಗಿನ ಏಣನ್ನು ಒಂದು ಬೆರಳಿನಿಂದ ಮೇಲಿನಿಂದ ಕೆಳಗಿನವರೆಗೆ ಮುಟ್ಟಿದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತು.

"ಇಲ್ಲೇ ಇದ್ದೀಯಲ್ಲಮ್ಮಾ," ಎಂದಳು. "ಊರೆಲ್ಲ ಹುಡುಕಿದೆ."

ಅಂದಿನಿಂದ ಅಮ್ಮ ಲಾದನಳ ಕೈಯಿಂದ ಮಾತ್ರ ಊಟ ಮಾಡುತ್ತಾಳೆ. ಬುಧವಾರ ನಾನು ಮಗಳನ್ನು ಕೂರಿಸಿಕೊಂಡು ಮುಖಮನೆ ಬೇಡವೆಂದು ಹೇಳಬೇಕೆಂದಿದ್ದೆ. ಯಾವ ಮುಖ ಇಟ್ಟುಕೊಂಡು ಹೇಳಲಿ? ಹದಿನಾರಕ್ಕೆ ಅಮ್ಮನೇ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದಳು, ನಾನು ಕುಣಿದುಕೊಂಡು ಹೋಗಿದ್ದೆ. ಕೊನೆಗೆ ಲಾದನ್ ತಾನೇ ಬಂದು, ತಟ್ಟೆ ತೊಳೆಯುತ್ತ, ನನ್ನ ಕಡೆ ತಿರುಗದೆ ಹೇಳಿದಳು: "ಅಜ್ಜಿ ಇರೋವರೆಗೂ ಬೇಡ."

ಆಮೇಲೇನು ಎಂದು ನಾನು ಕೇಳಲಿಲ್ಲ. ಶಾಲೆಯಲ್ಲಿ ಅವಳನ್ನು ಹಳೇ ನಾಣ್ಯ ಎಂದು ಕರೆಯುತ್ತಾರೆ. ಬೆಂಚಿನ ಕೊನೆಗೆ ಒಬ್ಬಳೇ ಕೂರುತ್ತಾಳೆ. ಅಮ್ಮ ಹೋದ ಮರುವಾರ ಅವಳು ಮುಖಮನೆಗೆ ಹೋದರೆ ತಡೆಯಲು ನನ್ನಲ್ಲಿ ಮಾತಿಲ್ಲ. ಅಮ್ಮನ ಆಯುಷ್ಯ ಬೆಳೆಯಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ಅದು ಅಮ್ಮನಿಗಾಗಿಯೋ, ಆ ಮೂಗಿಗಾಗಿಯೋ ಹೇಳಲು ಧೈರ್ಯವಿಲ್ಲ.

ನಿಮ್ಮಲ್ಲಿ ಒಂದೇ ಒಂದು ಬೇಡಿಕೆ. ಪಟ್ಟಿ ಬಿಚ್ಚಿದ ದಿನ ಹಳೆಯ ಫೋಟೋಗಳನ್ನೆಲ್ಲ ಅಳಿಸಿಹಾಕಬೇಕೆನಿಸುತ್ತದೆ. ನಮ್ಮ ಮನೆತನದ ಹೆಂಗಸರು ಅದನ್ನೇ ಮಾಡಿದರು. ನೀವು ಒಂದನ್ನಾದರೂ ಉಳಿಸಿ. ಪಕ್ಕದಿಂದ ತೆಗೆದದ್ದು, ಮೂಗು ಪೂರ್ತಿ ಕಾಣುವಂಥದ್ದು. ಯಾರ ಕೈಗೂ ಕೊಡಲು ನಾಚಿಕೆಯಾದರೆ ಗೋಡೆಯ ಸಂದಿಯಲ್ಲಾದರೂ ಇಡಿ. ನಮ್ಮ ಹುಡುಗಿಯೊಬ್ಬಳು ಅದನ್ನು ಕಂಡು, ಇವಳು ನನ್ನ ಹಾಗೇ ಇದ್ದಾಳಲ್ಲ ಎನ್ನಲಿ.

ನಿಮಗೆ ಮುಖ ತೋರಿಸಲಾಗದ ಮರಿಮಗಳು,
ತಾಬಾನ್