ಹುಲ್ಲುಹಾಸಿನ ಬಗ್ಗೆ ನೀವು ಕೇಳಿದ್ದಕ್ಕೆ

ಸೆಪ್ಟೆಂಬರ್ 9, ಸೋಮವಾರ

ಇವರಿಗೆ ನಮಸ್ಕಾರ,

ಮೊದಲು ‘ನಮ್ಮವರಿಗೆ’ ಎಂದು ಬರೆದಿದ್ದೆ. ಮೂರು ವರ್ಷದಿಂದ ಬೇರೆ ಇರುವವರಿಗೆ ಅದು ಹೊಂದುವುದಿಲ್ಲ ಅನಿಸಿ ಹಾಳೆ ಬದಲಿಸಿದೆ.

ನಿಮ್ಮ ಕಾಗದ ತಲುಪಿತು. ಭಾನುವಾರ ಮನೆ ಕೊಳ್ಳುವವರು ನೋಡಲು ಬರುತ್ತಾರೆ, ಅಷ್ಟರೊಳಗೆ ಮುಂದಿನ ಹುಲ್ಲುಹಾಸನ್ನು ಒಪ್ಪವಾಗಿ ಕತ್ತರಿಸಿಡು ಎಂದಿದ್ದೀರಿ. ಕತ್ತರಿಸಲು ಹುಲ್ಲುಹಾಸು ಇಲ್ಲ. ಹೋದ ವರ್ಷವೇ ನಾನೂ ಅತ್ತೆಯೂ ಸೇರಿ ತೆಗೆದೆವು. ಈ ಜುಲೈಯಲ್ಲಿ ಬಂದಾಗ ಮನೆಗೆ ಕಾಲಿಡದೆ ಆಸ್ಪತ್ರೆಯಿಂದಲೇ ನೀವು ರೈಲು ಹತ್ತಿದ್ದರಿಂದ ನಿಮಗದು ಗೊತ್ತಾಗಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ನಲ್ಲಿ ನೀರು ವಾರಕ್ಕೆರಡೇ ದಿನ ಬಂತು. ಆಗಲೂ ನಾನು ಸಂಜೆ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದೆ. ಒಂದು ದಿನ ಅತ್ತೆ ಹೊಲಿಯುವುದನ್ನು ಬಿಟ್ಟು ಎದ್ದು ಬಂದು ನಲ್ಲಿ ನಿಲ್ಲಿಸಿದರು. “ಸಾಕು ಬಿಡೇ. ನಮಗೆ ಕುಡಿಯೋಕೆ ನೀರಿಲ್ಲ, ಇದಕ್ಕೆ ದಿನಾ ಸ್ನಾನ, ವಾರಕ್ಕೊಂದ್ಸಲ ಕ್ಷೌರ” ಅಂದರು.

ಮರುದಿನ ಟೇಪು ಹಿಡಿದು, ಜಂಪರಿಗೆ ಅಳತೆ ತೆಗೆದ ಹಾಗೆ ಅಂಗಳ ಅಳೆದರು. ಚಪ್ಪಲಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ತಂದು, ಬಿಡಿಸಿ, ಹುಲ್ಲಿನ ಮೇಲೆ ಹಾಸಿದೆವು. ಅದರ ಮೇಲೆ ತರಗೆಲೆ, ಗೊಬ್ಬರ. ಮೂರು ತಿಂಗಳಿಗೆ ಅಡಿಯ ಹುಲ್ಲೆಲ್ಲ ಕೊಳೆತು ಕಪ್ಪು ಮಣ್ಣಾಯಿತು. ಚಾವಣಿಯ ಮಳೆನೀರು ಇಂಗಲಿ ಎಂದು ಒಂದು ತಗ್ಗು ತೋಡಿದೆವು. ಮಿಕ್ಕ ಕಡೆ ಈ ಊರಿನ ಮಣ್ಣಲ್ಲಿ ತಾನಾಗಿ ಬೆಳೆಯುವ ಹೂಗಿಡಗಳು. ಶೆಡ್ಡಿನಲ್ಲಿದ್ದ ನಿಮ್ಮ ಕಳೆನಾಶಕದ ಡಬ್ಬಿಯನ್ನು ಕಸದ ಗಾಡಿಗೆ ಸುಮ್ಮನೆ ಎಸೆಯದೆ, ಕೇಳಿ ವಿಚಾರಿಸಿ, ವಿಷದ ಕಸ ಒಯ್ಯುವವರಿಗೆ ಬೇರೆಯಾಗಿ ಕೊಟ್ಟೆ.

ಪಕ್ಕದ ಮನೆ ಮೇಷ್ಟ್ರು ಹಾವು ಬರುತ್ತೆ ಎಂದು ಗೊಣಗಿದರು. “ಬಂದ್ರೆ ನಿಮ್ಮನೆ ದಾರಿ ತೋರಿಸ್ತೀನಿ ಬಿಡಿ” ಅಂದರು ಅತ್ತೆ. ಮೇಷ್ಟ್ರು ನಕ್ಕು, ಕೊನೆಗೆ ಎರಡು ಸಸಿ ಕೇಳಿ ಒಯ್ದರು.

ಮೊದಲ ಚಿಟ್ಟೆ ಬಂದ ದಿನ ಅತ್ತೆ ಕೂಗಿ ಕರೆದರು. ಹೋಗಿ ನೋಡಿದೆ. ಖುಷಿಯಾಗಬೇಕಿತ್ತು. ಅದು ಚಿಟ್ಟೆ ಎಂದು ತಿಳಿಯಿತು, ಅಷ್ಟೇ.

ಈ ವರ್ಷ ಮೇ ತಿಂಗಳಲ್ಲಿ ಅವರಿಗೆ ಹೊಟ್ಟೆನೋವು ಶುರುವಾಯಿತು. ಜುಲೈ ಹೊತ್ತಿಗೆ ಏಳಲಾಗುತ್ತಿರಲಿಲ್ಲ. ಅವರು ತೀರಿಹೋದ ದಿನ ನಾನು ಆಸ್ಪತ್ರೆಯಿಂದ ಮನೆಗೆ ಬಂದು, ತರಕಾರಿ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿ ಕೈ ತೊಳೆದೆ. ಅಳು ಬರಲಿಲ್ಲ. ಇನ್ನೂ ಬಂದಿಲ್ಲ.

ಭಾನುವಾರ ಬರುವವರಿಗೆ ಗೇಟು ತೆಗೆಯುತ್ತೇನೆ. ಅವರಿಗೆ ಹುಲ್ಲೇ ಬೇಕಿದ್ದರೆ ಹಾಕಿಸಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಒಂದನೇ ತಾರೀಕಿಗೆ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಮಹಡಿ ಮೇಲಿನ ಕೋಣೆಗೆ ಹೋಗುತ್ತೇನೆ. ಅತ್ತೆಯ ಹೊಲಿಗೆ ಯಂತ್ರವೊಂದನ್ನೇ ಒಯ್ಯುತ್ತೇನೆ. ಬೀಗದ ಕೈ ಮೇಷ್ಟ್ರ ಹತ್ತಿರ ಇರುತ್ತದೆ.

ಇಂತಿ,
ನಿಮ್ಮ ಅಮ್ಮನ ಸೊಸೆ

ತಾ.ಕ.: “ಅಮ್ಮ ನನ್ನನ್ನು ಕೇಳಿದ್ರಾ?” ಎಂದು ನೀವು ಆಸ್ಪತ್ರೆಯ ಬಾಗಿಲಲ್ಲಿ ಕೇಳಿದಿರಿ. ಅವರಿಗೆ ಎಚ್ಚರವೇ ಇರಲಿಲ್ಲ ಎಂದೆ. ಅದು ಸುಳ್ಳು. ವಾರವಿಡೀ ದಿನಾ ಕೇಳಿದರು, “ಅವನಿಗೆ ಫೋನ್ ಮಾಡಿದ್ಯೇನೇ?” ಎಂದು. “ಮಾಡಿದೀನಿ ಅತ್ತೆ, ಹೊರಟಿದಾರೆ” ಅಂದೆ. ಮಾಡಿರಲಿಲ್ಲ. ಅವರು ಹೋದ ಮೇಲೆಯೇ ನಿಮಗೆ ಮಾಡಿದ್ದು. ಕೊನೆಯ ಸಂಜೆ “ಬಂದ ಕೂಡಲೇ ನನ್ನ ಎಬ್ಬಿಸು” ಎಂದು ಹೇಳಿ ಮಗ್ಗುಲಾದರು.