ಎಲ್ಲರ ಮನೆಯೂ ಮೊದಲು

ರಾಯಚೂರು, ೨೧೮೭, ಎರಡನೇ ಮೇ ತಿಂಗಳು

ಮುತ್ತಜ್ಜಿಯ ಮುತ್ತಜ್ಜಿಯಾದ ಗಿರಿಜಾಬಾಯಿಯವರಿಗೆ ನೀಲಗಂಗಾಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮೇ ತಿಂಗಳ ಬಿಸಿಲು ಒಂದೇ ತಿಂಗಳಿಗೆ ಮುಗಿಯುವುದಿಲ್ಲ, ಹಾಗಾಗಿ ಆ ತಿಂಗಳನ್ನು ಎರಡು ಸಲ ಬರೆಯುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಕಲಿತವಳು ನಾನು.

ನೀವು ಬಿಟ್ಟುಹೋದ ಧ್ವನಿಮುದ್ರಣದಿಂದಲೇ ಗೊತ್ತು, ಈ ಪತ್ರ ಮುಟ್ಟುವ ಇವತ್ತು ನಿಮ್ಮ ಧಾರಾವಾಹಿ ನಡುನಡುವೆ ನಿಂತು ತಲೆ ಕೆಡಿಸಿತು. ನೀವು ರೂಟರಿನ ಸೆಟ್ಟಿಂಗ್ ತೆರೆದು ಟಿವಿಯ ಸರದಿಯನ್ನು ಎಲ್ಲಕ್ಕಿಂತ ಮೇಲಿಟ್ಟಿರಿ, ಚಿತ್ರ ಸರಾಗವಾಗಿ ಓಡಿತು. ಮೊಮ್ಮಕ್ಕಳ ಆಟ ನಿಂತರೆ ನಿಲ್ಲಲಿ ಅಂದಿರಿ. ಅದು ಮನೆಯೊಳಗಿನ ಮಾತು, ಯಾರಿಗೂ ನಷ್ಟವಿಲ್ಲ. ನಾಳೆ ನೆರೆಯವರಿಗೂ ಕಲಿಸುವಿರಿ. ರೂಟರಿನ ಬದಲು ಮುಂದೆ ಬಂದ ಪೆಟ್ಟಿಗೆಗಳು, ಅಂದರೆ ನಾವು ದಾರಿಗಂಡಿ ಎನ್ನುವಂಥವು, ಆ ಸರದಿಯನ್ನು ಓಣಿಗೆಲ್ಲ ಜಾಲಸಂಪರ್ಕ ಹಂಚುವ ಕಂಬದವರೆಗೂ ಒಯ್ದವು. ಈಗ ಗೃಹಪ್ರವೇಶದಲ್ಲಿ ಹಾಲು ಉಕ್ಕಿಸಿದ ಕೂಡಲೇ ಮನೆಯ ಹೆಣ್ಣುಮಗಳು ದಾರಿಗಂಡಿಯಲ್ಲಿ ‘ಮೊದಲ ಸರದಿ’ ಒತ್ತಬೇಕು, ಅವಳಿಗೆ ಸೀರೆ ಕೊಡಬೇಕು. ನಮ್ಮ ಓಣಿಯಲ್ಲಿ ಎಲ್ಲರ ಮನೆಯೂ ಮೊದಲು. ಯಾರನ್ನು ಬಿಡಬೇಕೆಂದು ತಿಳಿಯದೆ ಕಂಬ ಎಲ್ಲರನ್ನೂ ಕಾಯಿಸುತ್ತದೆ.

ಕಾಯುವುದು ನಮಗೆ ಹೊಸದಲ್ಲ, ಹಗಲೆಲ್ಲ ತಂಪುಕೋಣೆಯಲ್ಲಿ ಕುಳಿತು ಕಾಯುವವರೇ ನಾವು. ಆದರೆ ಎದೆ ಸೋತ ಮಕ್ಕಳು ಉಸಿರುಪಟ್ಟಿ ಕಟ್ಟಿಕೊಂಡು ಬದುಕುತ್ತವೆ. ಬಿಸಿಗಾಳಿ ಏರಿದಾಗ ಆ ಪಟ್ಟಿ ಕಂಬದ ಮೂಲಕ ಆಸ್ಪತ್ರೆಯನ್ನು ಕೇಳುತ್ತದೆ, ಅಲ್ಲಿಂದ ಉತ್ತರ ಬಂದ ಮೇಲಷ್ಟೇ ಗಾಳಿ ಹೆಚ್ಚಿಸುತ್ತದೆ. ನನ್ನ ಮಗಳು ಚಂಪಾ ಅಂಥ ಮಗು. ಹೋದ ಬೇಸಿಗೆಗೆ ಮುಂಚೆ ಓಣಿಯವರೆಲ್ಲ ಸೇರಿ, ಕಂಬ ಯಾರನ್ನೂ ಕಾಯಿಸದಿರಲೆಂದು ಒಟ್ಟಿಗೆ ಸರದಿ ಇಳಿಸುವುದೆಂದು ಮಾತು ಕೊಟ್ಟೆವು. ಮರುದಿನ ಪಕ್ಕದ ಮನೆಯ ಶಾಂತವ್ವನನ್ನು ಕೇಳಿದರೆ, “ನಾ ಒಬ್ಬಾಕಿ ಇಳಿಸಿದ್ರ ಏನಾಗ್ತದವ್ವಾ? ಮೊದ್ಲ ಎಲ್ಲಾರೂ ಇಳಿಸ್ಲಿ, ಆಮ್ಯಾಲ ನಾನೂ ನೋಡ್ತೀನಿ” ಅಂದಳು. ಎಲ್ಲರೂ ಹಾಗೇ ನೋಡುತ್ತ ಕುಳಿತರು.

ನಾನು ಮಾತ್ರ ಇಳಿಸಿದ್ದೆ. ಬಿಸಿಗಾಳಿ ಎದ್ದ ಮಧ್ಯಾಹ್ನ ಚಂಪಾಳ ಪಟ್ಟಿ ಕೇಳಿದ ಪ್ರಶ್ನೆ ಕಂಬದಲ್ಲಿ ಎಲ್ಲರ ಹಿಂದೆ ನಿಂತಿತು. ಉತ್ತರ ಬಂತು, ಪಟ್ಟಿ ಗಾಳಿ ಹೆಚ್ಚಿಸಿತು, ಅಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು. ಮಣ್ಣಿಗೆ ಬಂದವರಲ್ಲಿ ಶಾಂತವ್ವ ಎಲ್ಲರಿಗಿಂತ ಹೆಚ್ಚು ಅತ್ತಳು. ಅವಳ ಮೇಲೆ ಸಿಟ್ಟು ಉಕ್ಕುತ್ತದೆ, ಅವಳಿಗೂ ಮಕ್ಕಳಿದ್ದಾರೆ ಎಂದು ನೆನಪಾಗಿ ತಣ್ಣಗಾಗುತ್ತದೆ, ಮತ್ತೆ ಉಕ್ಕುತ್ತದೆ.

ಈಗ ಚಂಪಾಳ ತಮ್ಮನ ಎದೆಗೂ ಪಟ್ಟಿ ಕಟ್ಟಿದ್ದಾರೆ. ಮಗಳನ್ನು ಮಣ್ಣು ಮಾಡಿ ಬಂದ ಸಂಜೆಯೇ ನಾನು ನಮ್ಮ ಮನೆಯನ್ನು ಮತ್ತೆ ಮೊದಲಿಗೆ ಏರಿಸಿದೆ. ಇನ್ನು ಯಾರು ಬಂದು ಕಾಲು ಹಿಡಿದರೂ ಇಳಿಸಲಾರೆ. ಮೊದಲು ಇಳಿಸಿದವರ ಮನೆಯ ಮಗು ಹೋಗುತ್ತದೆ ಎಂಬುದು ಓಣಿಗೆಲ್ಲ ಗೊತ್ತಾಗಿಹೋಗಿದೆ. ಅದಕ್ಕೇ ಅಜ್ಜಿ, ನಿಮ್ಮನ್ನು ಬೇಡುತ್ತಿದ್ದೇನೆ. ಇವತ್ತೇ ಆ ಟಿವಿಯ ಸರದಿ ಇಳಿಸಿಬಿಡಿ, ಯಾರಿಗೂ ಕಲಿಸಬೇಡಿ. ನಿಮ್ಮ ಕಾಲದಲ್ಲಿ ಇಳಿಸಿದರೆ ಯಾರೂ ಸಾಯುವುದಿಲ್ಲ.